ಹರಿಗೋಲಿನ ಕಾದಂಬರಿಯ ಹತ್ತನೆಯ ಕಟ್ಟು

ಕಾದಂಬರಿಯ ಕೊನೆ ಏನು ಅಂತ ಮೊದಲೇ ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾನಗಲ್ಲಿನಲ್ಲಿ ಮೂವತ್ತೊಂದು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟಿದವನು ನಾನು, ಕರಿಬಸಪ್ಪ. ಶಾಲೆಯ ಹಾಜರಿ ಪುಸ್ತಕ, ಸೊಸೈಟಿಯ ರಜಿಸ್ಟರು, ಗ್ರಂಥಾಲಯದ ಹರಿದ ಕಾದಂಬರಿ, ಎಲ್ಲವೂ ನನ್ನ ದಬ್ಬಣದ ಕೆಳಗೆ ಬಂದು ಹೋಗಿವೆ. ಹೊಲಿಯಲು ಬಂದ ಕಾದಂಬರಿಯನ್ನು ಓದದೆ ವಾಪಸು ಕೊಟ್ಟವನಲ್ಲ. "ನಿಮ್ಮ ಅಂಗಡಿಗೆ ಬಂದ ಪುಸ್ತಕ ಬಾಣಂತಿ ಇದ್ದಂಗ, ತಿಂಗಳಾತನಕ ಹೊರಗ ಬರೂದಿಲ್ಲ" ಎಂದು ಹೆಂಡತಿ ಶಾರವ್ವ ಆಡಿಕೊಳ್ಳುತ್ತಿದ್ದಳು.

ಯಾರಾದರೂ ಬಂದು ಯಾವ ಕಾದಂಬರಿ ಓದಲಿ ಎಂದು ಕೇಳಿದರೆ ನನಗೆ ಹಬ್ಬ. ಅವರ ಮುಖ ನೋಡಿ, ಮನೆಯ ಕಷ್ಟಸುಖ ವಿಚಾರಿಸಿ, ಇಂಥದ್ದು ಓದ್ರಿ ಎಂದು ಹೇಳುತ್ತಿದ್ದೆ. ಅಷ್ಟು ಕೇಳಿ ಹೋದರೆ ಸರಿ. "ಕೊನಿಗೆ ಏನಾಕ್ಕತ್ರಿ?" ಅಂದರೋ, ಮುಗಿಯಿತು. "ಊಟಕ್ಕ ಕುಂದ್ರೂಕಿಂತ ಮೊದಲ ಕೈ ತೊಳಿಯಾಕ ನೀರ ಕೇಳ್ತೀರೇನು?" ಎಂದು ಬೈದು ಕಳಿಸುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ನಾನು ಗುಣ ಅಂತಲೇ ತಿಳಿದುಕೊಂಡಿದ್ದೆ.

ಸಕ್ಕರೆ ಕಾಯಿಲೆ ನನ್ನ ಎರಡೂ ಕಿಡ್ನಿ ತಿಂದು ಹಾಕಿ ಈಗ ಎರಡೂವರೆ ವರ್ಷ. ಸೋಮವಾರ, ಗುರುವಾರ ಶಿಗ್ಗಾವಿಯ ದವಾಖಾನೆಗೆ ಬಂದು ನಾಲ್ಕು ತಾಸು ಡಯಾಲಿಸಿಸ್ ಮಷೀನಿನ ಪಕ್ಕದಲ್ಲಿ ಮಲಗಬೇಕು. ಎಡಗೈಗೆ ಎರಡು ಸೂಜಿ. ಒಂದರಿಂದ ರಕ್ತ ಹೊರಗೆ ಹೋಗುತ್ತದೆ, ಇನ್ನೊಂದರಿಂದ ತೊಳೆದ ರಕ್ತ ಒಳಗೆ ಬರುತ್ತದೆ. ಆ ಕೈ ಸ್ವಲ್ಪ ಅಲುಗಿದರೂ ಮಷೀನು ಕಿರುಚುತ್ತದೆ, ಮಷೀನಿನ ಹಿಂದೆ ಗುಲ್ನಾಜ ಸಿಸ್ಟರ್ ಕಿರುಚುತ್ತಾರೆ.

ಕಿಟಕಿಯ ಕಡೆ ಮೂರು ಮಂಚ. ಮೊದಲನೆಯದು ನನ್ನದು. ನಡುವಿನದು ಬಂಕಾಪುರದ ಮಂಜುಳಾಳದು. ಆಚೆಯದು ಸವಣೂರಿನ ಸುಶೀಲವ್ವನವರದು. ಸುಶೀಲವ್ವನವರಿಗೆ ಅರವತ್ತೆಂಟು, ಎಲೆಬಳ್ಳಿ ತೋಟದ ಮನೆತನ, ಮಾತಿನಲ್ಲಿ ದರ್ಬಾರು. ಮಂಜುಳಾಗೆ ಮೂವತ್ತೆರಡು. ಗಂಡ ಮೈಲಾರಲಿಂಗ ಹೈವೇ ಬದಿಗೆ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ, ಮಗಳು ಅಂಕಿತಾ ನಾಲ್ಕನೇ ಇಯತ್ತೆ. ಎರಡನೆಯ ಬಸಿರಿನಲ್ಲಿ ಬಿಪಿ ಏರಿ ಕೂಸೂ ಹೋಯಿತು, ಕಿಡ್ನಿಗಳೂ ಹೋದವು ಎಂದು ಮೊದಲ ದಿನವೇ ಸಂತೆಯ ಸುದ್ದಿ ಹೇಳಿದಂತೆ ಹೇಳಿದ್ದಳು.

ರೋಗದ ಮಾತು ಎರಡು ವಾರದಲ್ಲಿ ಮುಗಿದುಹೋಯಿತು. ಆಮೇಲೆ ನಮಗೆ ಉಳಿದದ್ದು ಕಾದಂಬರಿಯ ಮಾತು. ನನಗೆ ಪತ್ತೇದಾರಿ ಬೇಕು, ಹೆಣ ಬಿದ್ದ ಮೇಲೆಯೇ ಓದಲು ಹುರುಪು. ಸುಶೀಲವ್ವನವರಿಗೆ ಕೋಟೆ, ಪಾಳೆಗಾರ, ರಾಣಿ ಇರಬೇಕು. ಮಂಜುಳಾಗೆ ಪ್ರೀತಿ ಪ್ರೇಮ, ಕೊನೆಗೆ ಜೋಡಿಯ ಮೇಲೆ ಅಕ್ಕಿಕಾಳು ಬೀಳಲೇಬೇಕು. ಪುಸ್ತಕದ ಹೆಸರು, ಬರೆದವರ ಹೆಸರು ನೆನಪಿಡುವ ಅಭ್ಯಾಸ ಮೂವರಿಗೂ ಇರಲಿಲ್ಲ. ಬಾವ್ಯಾಗ ಹೆಣಾ ಸಿಗೂದು, ಗಿಡ್ಡ ರಾಣೀದು, ಎರಡ ಲಗ್ನದ್ದು, ಹೀಗೆಂದರೆ ಸಾಕು, ಯಾವುದೆಂದು ತಿಳಿಯುತ್ತಿತ್ತು.

"ಏ ಕರಿಬಸಪ್ಪ, ಕೊಲಿ ಮಾಡಿದಾವನ್ನ ಹುಡುಕೂದು ಪೊಲೀಸರ ಕೆಲಸ. ನಿನಗ್ಯಾಕ ಬೇಕಪಾ ಅದು?" ಎಂದು ಸುಶೀಲವ್ವನವರು ಕೆಣಕುವರು.

"ಮತ್ತ ನೀವ್ಯಾಕ ದಿನಾ ರಾಣಿ ಅರಮನಿಗೆ ಹೋಗಿ ಕುಂದ್ರತೀರಿ ಅಕ್ಕಾರ? ಪಗಾರ ಕೊಡ್ತಾಳೇನು?" ಎಂದು ನಾನು ಕೇಳುವೆ.

"ಇಬ್ಬರೂ ಸುಮ್ಮನಿರ್ರಿ. ಹೆಣಾನೂ ಬ್ಯಾಡ, ರಾಣೀನೂ ಬ್ಯಾಡ. ಒಂದ ಹುಡುಗಾ, ಒಂದ ಹುಡುಗಿ, ನಡುವ ಒಂದ ಕೆಟ್ಟ ಮಾವ. ಅಷ್ಟಿದ್ರ ಸಾಕು," ಎಂದು ನಡುವಿನ ಮಂಚದಿಂದ ಮಂಜುಳಾ ನ್ಯಾಯ ಹೇಳುವಳು.

ಬೈದಾಡಿಕೊಂಡೇ ಒಬ್ಬರ ಪುಸ್ತಕ ಒಬ್ಬರು ಓದಿದೆವು. ಬಾವಿಯ ಹೆಣದ್ದನ್ನು ಮೂಗು ಮುರಿದು ತೆಗೆದುಕೊಂಡ ಸುಶೀಲವ್ವನವರು ಮುಂದಿನ ಸೋಮವಾರ ಬಂದು, "ಆ ಗುಮಾಸ್ತನ ಮ್ಯಾಲೆ ನನಗ ಮೊದಲಿಂದನ ಡೌಟ್ ಇತ್ತು" ಎಂದರು. ಗಿಡ್ಡ ರಾಣಿ ಕೋಟೆಯಿಂದ ಹಾರಿಕೊಂಡ ಪುಟದಲ್ಲಿ ನನ್ನ ಕಣ್ಣಲ್ಲಿ ನೀರು ಬಂತು, ಗುಲ್ನಾಜ ಸಿಸ್ಟರ್ ಸೂಜಿ ನೋಯುತ್ತಿದೆಯೇನೋ ಎಂದು ಓಡಿ ಬಂದರು. ಎರಡು ಲಗ್ನದ ಕಾದಂಬರಿಯನ್ನು ಹುಡುಗಾಟ ಎಂದು ಹೀಯಾಳಿಸಿದ ನಾನೇ ಅದನ್ನು ಮನೆಗೆ ಒಯ್ದು ಎರಡನೆಯ ಸಲ ಓದಿದೆ. ಶಾರವ್ವನಿಗೂ ಓದಿ ಹೇಳಿದೆ, ಆದರೆ ಮಂಜುಳಾಗೆ ಅದನ್ನು ಹೇಳಿಕೊಳ್ಳಲಿಲ್ಲ.

ಒಂದೇ ಒಂದು ತೊಂದರೆ. ದಪ್ಪ ಕಾದಂಬರಿಯನ್ನು ಒಂದೇ ಕೈಯಲ್ಲಿ ಹಿಡಿದು ನಾಲ್ಕು ತಾಸು ಓದುವುದು ಆಗದ ಮಾತು. ಎದೆಯ ಮೇಲಿಟ್ಟರೆ ಉಸಿರು ಕಟ್ಟುತ್ತದೆ. ಒಂದು ದಿನ ಸುಶೀಲವ್ವನವರ ರಾಣಿ ಅವರ ಮೂಗಿನ ಮೇಲೆಯೇ ಬಿದ್ದಳು. ಅವತ್ತು ಮನೆಗೆ ಹೋಗಿ ನನ್ನ ಸ್ವಂತದ ಕಾದಂಬರಿಗಳ ಬೆನ್ನು ಬಿಚ್ಚಿದೆ. ಹಾಳೆಗಳನ್ನು ಬೇರೆ ಮಾಡಿ, ನಲವತ್ತು ಐವತ್ತು ಪುಟಕ್ಕೊಂದು ತೆಳುವಾದ ಕಟ್ಟು ಹೊಲಿದು, ಮೇಲೆ ಖಾಕಿ ಕಾಗದ ಅಂಟಿಸಿದೆ. ಜೀವಮಾನವೆಲ್ಲ ಪುಸ್ತಕ ಕೂಡಿಸಿದವನಿಗೆ ಪುಸ್ತಕ ಕತ್ತರಿಸುವುದು ಪಾಪ ಅನಿಸಿತು. ಆದರೆ ಆ ಕಟ್ಟು ಒಂದೇ ಕೈಯಲ್ಲಿ ಹಗುರಾಗಿ ನಿಂತಿತು. ನಾಲ್ಕು ತಾಸಿಗೆ ಒಂದು ಕಟ್ಟು ಸರಿಯಾಗಿ ಮುಗಿಯುತ್ತಿತ್ತು.

ಮಂಜುಳಾ ಬರುವುದನ್ನು ತಪ್ಪಿಸಲು ಸುರುಮಾಡಿದ್ದು ಹೋದ ಮಳೆಗಾಲದಲ್ಲಿ. ಮೊದಲು ಒಂದು ಗುರುವಾರ ಬರಲಿಲ್ಲ. ಮುಂದಿನ ತಿಂಗಳು ಒಂದು ವಾರ ಸೋಮವಾರ, ಗುರುವಾರ ಎರಡೂ ಬರಲಿಲ್ಲ. ಬಂದ ದಿನ ಮುಖ ಊದಿ ಕಣ್ಣು ಸಣ್ಣಗಾಗಿದ್ದವು, ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಒಂದು ಪಾಳಿ ತಪ್ಪಿದರೂ ನೀರು ಎದೆಗೇರುತ್ತದೆ ತಾಯಿ ಎಂದು ಡಾಕ್ಟರು ಕೈಮುಗಿದು ಹೇಳಿದರು. ಅವಳು ಗೋಣು ಹಾಕಿದಳು.

"ಯಾಕವಾ ತಪ್ಪಸ್ತಿ?" ಎಂದು ಕೇಳಿದೆ.

"ನಾ ಬರೂ ದಿನಾ ಅವರು ಅಂಗಡಿ ಬಾಗಲಾ ಹಾಕಿ ನನ್ನ ಹಿಂದ ಬರ್ತಾರ. ಅಂಕಿತಾ ಸಾಲಿಂದ ಬಂದು ಮಂದೀ ಮನಿ ಕಟ್ಟಿಗೆ ಕುಂದ್ರತಾಳ. ನಾ ಒಬ್ಬಾಕಿ ಸಲುವಾಗಿ ಮನ್ಯಾಗ ಎಲ್ಲಾರೂ ಅರ್ಧಾ ಬದುಕಾಕತ್ತಾರ ಕಾಕಾ. ನಾ ಮುಗದ ಹೋದ್ರ ಅವರಿಗರ ಒಂದ ಹಾದಿ ಆಕ್ಕತಿ."

"ಬಾಯಿ ಮುಚ್ಚು! ಇನ್ನೊಮ್ಮೆ ಹಂಗಂದ್ರ ನೋಡು," ಎಂದು ಗದರಿದೆ. ಅವಳು ಸೂಜಿಯಿದ್ದ ಕೈಯನ್ನೇ ನೋಡುತ್ತ ಮಲಗಿದಳು.

ಮುಂದಿನ ಸಲ ನಡುವಿನ ಮಂಚ ಖಾಲಿ ಬಿದ್ದಾಗ ಸುಶೀಲವ್ವನವರು ನನ್ನನ್ನು ಕರೆದರು. "ಕರಿಬಸಪ್ಪ, ನಾ ಲೆಕ್ಕಾ ಹಾಕೇನಿ. ಕಾದಂಬರಿ ಅರ್ಧಾ ಆಗಿದ್ದಾಗ ಆ ಹುಡುಗಿ ಒಂದ ದಿನಾನೂ ತಪ್ಪಸಿಲ್ಲ. ಮುಗದಾಗ ಅಷ್ಟ ತಪ್ಪಸ್ಯಾಳ. ಮುಗಸಗೊಡಬ್ಯಾಡ."

ನಾನು ಮಲಗಿದಲ್ಲೇ ಬೆಪ್ಪಾದೆ. ಪತ್ತೇದಾರಿ ಓದುವವನು ನಾನು, ಪತ್ತೆ ಹಚ್ಚಿದ್ದು ರಾಣಿಯರ ಕತೆ ಓದುವ ಮುದುಕಿ.

ಅವತ್ತಿನಿಂದ ನಾನು ಕಟ್ಟು ಕತ್ತರಿಸುವ ರೀತಿ ಬದಲಾಯಿತು. ಅಧ್ಯಾಯ ಮುಗಿಯುವಲ್ಲಿ ಕತ್ತರಿಸುವುದನ್ನು ಬಿಟ್ಟೆ. ಯಾರೋ ಬಾಗಿಲು ಬಡಿದರು, ಅಲ್ಲಿಗೆ ಕತ್ತರಿ. ಹುಡುಗಿ ಪತ್ರ ಒಡೆದಳು, ಓದುವ ಮೊದಲೇ ಕತ್ತರಿ. ಒಂದು ಪಾಳಿಗೆ ಒಂದೇ ಕಟ್ಟು, ಗೋಗರೆದರೂ ಇಲ್ಲ, ಅತ್ತರೂ ಇಲ್ಲ. ಒಂದು ಕಾದಂಬರಿ ಮುಗಿದ ದಿನವೇ ಇನ್ನೊಂದರ ಮೊದಲಿನ ಹತ್ತು ಪುಟ ಅವಳ ಕೈಗೆ ತುರುಕಿ ಕಳಿಸುತ್ತಿದ್ದೆ. ಅವಳಿಗೆ ಹಿಡಿಸುವಂಥದ್ದು ಯಾವುದು ಎಂದು ನಾನು, ಸುಶೀಲವ್ವನವರು ಫೋನಿನಲ್ಲಿ ತಾಸುಗಟ್ಟಲೆ ಚರ್ಚೆ ಮಾಡುತ್ತಿದ್ದೆವು. ಮಗಳ ಮದುವೆಗೆ ವರ ಹುಡುಕುವಾಗಲೂ ನಾನು ಇಷ್ಟು ಯೋಚಿಸಿರಲಿಲ್ಲ. ಪ್ರೀತಿಯದು ಮುಗಿದರೆ ಪತ್ತೇದಾರಿ, ಅದು ಮುಗಿದರೆ ದೆವ್ವದ್ದು, ಆಮೇಲೆ ಕೋಟೆಯದು. ಎಂಟು ತಿಂಗಳು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಊದಿದ ಮುಖ ಇಳಿದು ಕೆನ್ನೆಯ ಎಲುಬು ಕಂಡಿತು. ಡಾಕ್ಟರು ಮಾಡಲಾಗದ್ದನ್ನು ನನ್ನ ದಬ್ಬಣ ಮಾಡಿತು ಎಂದು ನನಗೆ ಭಾರಿ ಜಂಬ ಬಂದಿತ್ತು.

ಮಾಗಿ ಕಳೆಯುವ ಹೊತ್ತಿಗೆ ನನ್ನ ಕಪಾಟು ಖಾಲಿಯಾಗುತ್ತ ಬಂತು. ಹಿರೇಕೆರೂರಿನ ಸಂತೆಯಲ್ಲಿ ಶೇಖಸಾಬ ಅಂತ ರದ್ದಿಯವ, ನನ್ನ ಹಳೆಯ ಗೆಳೆಯ. ಅವನ ಗುಡ್ಡೆಯಲ್ಲಿ ಕೆದರಿದಾಗ ಒಂದು ಕಾದಂಬರಿ ಸಿಕ್ಕಿತು. ರಟ್ಟಿಲ್ಲ, ಮೊದಲ ನಾಲ್ಕು ಪುಟ ಇಲ್ಲ, ಹೆಸರೂ ಇಲ್ಲ. ನಾವು ಅದನ್ನು ಹರಿಗೋಲಿನದು ಎಂದು ಕರೆದೆವು.

ಹೊಳೆ ದಂಡೆಯ ಅಂಬಿಗನಿಗೆ ಒಬ್ಬಳೇ ಮಗಳು ನೀಲವ್ವ. ಅಕ್ಕ ಇಲ್ಲ, ತಂಗಿ ಇಲ್ಲ. ಅಪ್ಪನ ಕೈ ಸೋತ ಮೇಲೆ ಹರಿಗೋಲು ನಡೆಸುವವಳೂ ಅವಳೇ. ಬ್ರಿಟಿಷರ ಕಾಲ. ದೇಸಾಯರ ಕಾರಭಾರಿಯ ಹೆಣ ಒಂದು ದಿನ ಹೊಳೆಯಲ್ಲಿ ತೇಲುತ್ತದೆ, ಕೊಲೆ ಇವಳ ತಲೆಗೆ ಬರುತ್ತದೆ. ಗಂಡನನ್ನೂ ಎರಡು ವರ್ಷದ ಮಗಳನ್ನೂ ಬಿಟ್ಟು ನೀಲವ್ವ ಹೊಳೆ ದಾಟಿ ಓಡಿಹೋಗುತ್ತಾಳೆ. ನನಗೆ ಬೇಕಾದ ಕೊಲೆ, ಸುಶೀಲವ್ವನವರಿಗೆ ಬೇಕಾದ ವಾಡೆ ಮತ್ತು ಕುದುರೆ, ಮಂಜುಳಾಗೆ ಬೇಕಾದ ಪ್ರೀತಿ, ಎಲ್ಲವೂ ಅದರಲ್ಲಿತ್ತು. ಕುಳಿತಲ್ಲೇ ಒಂದೇ ಸಮನೆ ಓದಿ ಮುಗಿಸಿ ಹತ್ತು ಕಟ್ಟು ಮಾಡಿದೆ. ಮೊದಲು ಮಂಜುಳಾ ಓದುವಳು, ಅವಳ ಹಿಂದೆ ಒಂದು ಕಟ್ಟಿನಷ್ಟು ತಡವಾಗಿ ಸುಶೀಲವ್ವನವರು.

"ಇದೊಂದು ಓದವಾ. ಇದನ್ನ ಓದಲಾರದ ಬಿಟ್ಟರ ನಾ ನಿನ್ನ ಕೂಡ ಮಾತಾಡೂದಿಲ್ಲ," ಎಂದು ಕೊಟ್ಟಿದ್ದೆ. ಮೂರನೆಯ ಕಟ್ಟಿನ ಹೊತ್ತಿಗೆ ಅವಳು ಓದುವಾಗ ಮಾತಾಡುವುದನ್ನೇ ಬಿಟ್ಟಳು. ಕೊಲೆಗಾರ ಯಾರಿರಬಹುದು ಎಂದು ನಾನು ಕೆಣಕಿದರೆ ಅದರ ಗೊಡವೆ ಅವಳಿಗಿರಲಿಲ್ಲ.

"ಅಲ್ಲ ಕಾಕಾ, ಆ ಕೂಸಿಗೆ ಈಗ ಯಾರ ತಲಿ ಬಾಚತಿರ್ತಾರ?" ಎಂದು ಕೇಳಿದಳು.

"ಪುಸ್ತಕದಾಗ ಅದನ್ನ ಬರದಿಲ್ಲ."

"ಬರೀಬೇಕಾಗಿತ್ತು ನೋಡ್ರಿ," ಎಂದಳು.

ಒಂಬತ್ತನೆಯ ಕಟ್ಟು ಓದಿದ್ದು ಒಂದು ಗುರುವಾರ. ನಿಜವಾದ ಕೊಲೆಗಾರ ಸಾಯುವ ಮುಂದೆ ತಪ್ಪು ಒಪ್ಪಿಕೊಂಡ ಸುದ್ದಿ ಹನ್ನೊಂದು ವರ್ಷದ ಮೇಲೆ ನೀಲವ್ವನಿಗೆ ಮುಟ್ಟುತ್ತದೆ. ಅವಳು ಬಂದು ಹೊಳೆಯ ಆಚೆ ದಂಡೆಯಲ್ಲಿ ನಿಲ್ಲುತ್ತಾಳೆ. ಈಚೆ ದಂಡೆಯಲ್ಲಿ ಅವಳ ಮನೆ ಕಾಣುತ್ತದೆ, ಕದ ಮುಚ್ಚಿದೆ. ಅಲ್ಲಿಗೆ ಕತ್ತರಿ ಹಾಕಿದ್ದೆ.

ಮಂಜುಳಾ ಇನ್ನೂ ಒಂದು ತಾಸು ಇರುವಾಗಲೇ ಓದಿ ಮುಗಿಸಿದಳು. "ಹತ್ತನೇದು ಕೊಡ್ರಿ ಕಾಕಾ."

"ಸೋಮವಾರ."

"ಚೀಲದಾಗ ಐತಲ್ರಿ. ಖಾಕಿ ಹಾಳಿ ಕಾಣಾಕತ್ತೈತಿ."

"ಇದ್ರ ಇರಲಿ. ಸೋಮವಾರ ಬಂದು ಓದು."

"ಸೋಮವಾರ ಭಾಳ ದೂರ ಆತ್ರಿ," ಎಂದು ನಕ್ಕಳು. ಆ ನಗುವನ್ನು ನಾನು ಸಲಿಗೆ ಎಂದುಕೊಂಡೆ. ಅವಳನ್ನು ಸೋಮವಾರಕ್ಕೆ ಎಳೆದು ತರುವ ಹಗ್ಗ ನನ್ನ ಚೀಲದಲ್ಲಿತ್ತು, ಬಿಡುವುದುಂಟೇ ಎಂದು ಚೀಲವನ್ನು ಇನ್ನೊಂದು ಮಗ್ಗುಲಿಗೆ ಸರಿಸಿದೆ.

ಸೂಜಿ ತೆಗೆದು, ಹತ್ತಿ ಒತ್ತಿ, ಪಟ್ಟಿ ಕಟ್ಟಿದ ಮೇಲೆ ಅವಳು ಎದ್ದು ಹೊರಟಳು. ಮೈಲಾರಲಿಂಗ ಕೆಳಗೆ ಬೈಕ್ ಚಾಲೂ ಮಾಡಿಕೊಂಡು ಹಾರ್ನ್ ಹೊಡೆಯುತ್ತಿದ್ದ. ಬಾಗಿಲತನಕ ಹೋದವಳು ಚೌಕಟ್ಟು ಹಿಡಿದು ನಿಂತಳು.

"ಪುಸ್ತಕ ಬ್ಯಾಡ ಕಾಕಾ. ಒಂದ ಮಾತ ಹೇಳ್ರಿ ಸಾಕು. ನೀಲವ್ವ ಮನಿಗೆ ಬರ್ತಾಳೇನ್ರಿ?"

ನನ್ನ ಹಾಳು ಸಿಟ್ಟು ನೆತ್ತಿಗೇರಿತು. "ಇಷ್ಟ ದಿನಾ ನನ್ನ ಕಡೆ ಓದಿ ಇದನ್ನ ಕಲತೇನು? ಕೊನಿ ಕೇಳಾಕ ನಾಚಿಗಿ ಆಗೂದಿಲ್ಲ? ಬೇಕಾದ್ರ ಸೋಮವಾರ ಬಂದು ಓದು, ಇಲ್ಲಂದ್ರ ಬಿಡು!" ಎಂದು ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕೂಗಿದೆ.

"ಆತ ಬಿಡ್ರಿ, ಸಿಟ್ಟಾಗಬ್ಯಾಡ್ರಿ," ಎಂದಳು. ಮೆಟ್ಟಿಲ ಕಟಾಂಜನ ಹಿಡಿದುಕೊಂಡು ಇಳಿದು ಹೋದಳು.

ಸುಶೀಲವ್ವನವರು ನನ್ನನ್ನೇ ದುರುಗುಟ್ಟಿ ನೋಡಿದರು. "ಒಂದ ಮಾತ ಹೇಳಿದ್ರ ನಿನ್ನ ಗಂಟೇನ ಹೋಗತಿತ್ತೋ?"

"ಮುಗಸಗೊಡಬ್ಯಾಡ ಅಂದಾವರು ನೀವ ಅಲ್ಲೇನ್ರಿ?" ಎಂದು ಅವರ ಮೇಲೂ ಹರಿಹಾಯ್ದೆ.

ಸೋಮವಾರ ನಡುವಿನ ಮಂಚ ಖಾಲಿ ಇತ್ತು. ಮುನಿಸಿಕೊಂಡಿದ್ದಾಳೆ, ಬರಲಿ, ಇವತ್ತು ಎರಡು ಮಾತು ಹೆಚ್ಚೇ ಬೈಯಬೇಕು ಎಂದು ಗೊಣಗುತ್ತ ಹತ್ತನೆಯ ಕಟ್ಟನ್ನು ಅವಳ ದಿಂಬಿನ ಮೇಲಿಟ್ಟೆ. ಗುಲ್ನಾಜ ಸಿಸ್ಟರ್ ಬಂದು ನನ್ನ ಕೈಗೆ ಸೂಜಿ ಹಾಕಿದರು. ಮಷೀನು ಸುರುವಾದ ಮೇಲೆ ಮೆಲ್ಲಗೆ ಹೇಳಿದರು.

"ಕಾಕಾ, ಮಂಜುಳಾ ಅಕ್ಕ ನಿನ್ನೆ ತೀರಿಕೊಂಡ್ರು. ಮುಂಜಾನೆ ದಮ್ ಹತ್ತಿತಂತ. ಗಾಡಿ ತರೂದ್ರಾಗ ಎಲ್ಲಾ ಮುಗೀತಂತ."

ಸುಶೀಲವ್ವನವರು "ಅಯ್ಯ ನನ್ನ ಕೂಸ" ಎಂದು ಜೋರಾಗಿ ಅತ್ತರು. ನನಗೆ ಅಳು ಬರಲಿಲ್ಲ. ನಾಲ್ಕು ತಾಸು ಆ ಖಾಕಿ ಕಟ್ಟು ಖಾಲಿ ದಿಂಬಿನ ಮೇಲೆ ನನ್ನ ಕಣ್ಣೆದುರಿಗೇ ಇತ್ತು. ಎದ್ದು ತೆಗೆದುಕೊಳ್ಳೋಣವೆಂದರೆ ಕೈಯಲ್ಲಿ ಸೂಜಿ.

ಮಂಗಳವಾರ ಬಂಕಾಪುರಕ್ಕೆ ಹೋದೆ. ಮೂರನೆಯ ದಿನ, ಮಣ್ಣು ಮಾಡಿದಲ್ಲಿ ಹಾಲು ತುಪ್ಪ ಬಿಟ್ಟು ಬರುತ್ತಾರೆ. ಅವತ್ತು ಹೋಗಿ ಮಾತಾಡಿಸಿ ಬರುವುದು ನಮ್ಮಲ್ಲಿ ರೂಢಿ. ಹೊರಡುವಾಗ ಶಾರವ್ವ ಚೀಲ ನೋಡಿ, "ಸತ್ತಾರ ಮನಿಗೆ ಆ ಪುಸ್ತಕ ಯಾಕರಿ?" ಎಂದಳು. "ಸುಮ್ಮನ" ಎಂದೆ. ನಿಜವಾಗಿಯೂ ಯಾಕೆ ಒಯ್ಯುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಇಟ್ಟುಕೊಂಡು ಕೂಡುವ ಧೈರ್ಯ ಇರಲಿಲ್ಲ, ಅಷ್ಟೇ.

ಪಂಕ್ಚರ್ ಅಂಗಡಿಯ ಹಿಂದೆಯೇ ಮನೆ. ಮಂದಿ ಆಗಲೇ ಹಾಲು ತುಪ್ಪ ಬಿಟ್ಟು ತಿರುಗಿ ಬಂದಿದ್ದರು. ಮಂಜುಳಾಳ ಅವ್ವ ಮುದಕವ್ವ ಗೋಡೆಗೆ ತಲೆ ಆನಿಸಿ ಕುಳಿತಿದ್ದಳು. ಮಂಜುಳಾಳ ತಂಗಿ ಸವಿತಾ, ಮದುವೆಯಾಗದ ಹುಡುಗಿ, ಅಂಕಿತಾಳಿಗೆ ಉಣಿಸಲು ನೋಡುತ್ತಿದ್ದಳು. ಮೈಲಾರಲಿಂಗ ನನ್ನ ಗುರುತು ಹಿಡಿದ.

"ಕಾದಂಬರಿ ಕಾಕಾ ಅಲ್ಲೇನ್ರಿ? ಬರ್ರಿ, ಇಲ್ಲಿ ಬ್ಯಾಡ, ಅಂಗಡ್ಯಾಗ ಕುಂದ್ರೂಣು."

ಅರ್ಧ ಶಟರ್ ಎತ್ತಿ ಒಳಗೆ ಕರೆದೊಯ್ದ. ನನಗೆ ಸ್ಟೂಲು ಕೊಟ್ಟು ತಾನು ಲಾರಿಯ ಟಾಯರಿನ ಮೇಲೆ ಕುಳಿತ. "ಆ ಸ್ಟೂಲ್ ಆಕೀದರಿ," ಎಂದ. ನಾನು ಏಳಲು ಹೋದೆ, ಬಿಡಲಿಲ್ಲ. "ಕುಂದ್ರಿ. ನನಗ ಓದಾಕ ಬರ್ತೈತಿ, ಆದ್ರ ಓದೂ ಚಟಾ ಇಲ್ಲ. ಆಕಿ ಶುಕ್ರವಾರ, ಶನಿವಾರ ಇಲ್ಲೇ ಕುಂತು ಓದಿದ್ದೆಲ್ಲಾ ಹೇಳ್ತಿದ್ಲು. ನಾ ಟ್ಯೂಬಿಗೆ ಪ್ಯಾಚ್ ಹಚ್ಚೂದು, ಆಕಿ ಕತಿ ಹೇಳೂದು. ಬಾವಿ ಹೆಣದ್ದು, ರಾಣೀದು, ಎಲ್ಲಾ ನನಗ ಬಾಯಿಪಾಠ ಅದಾವ್ರಿ. ಹರಿಗೋಲಿಂದು ಹೇಳೂ ಮುಂದ ಗಿರಾಕಿ ಬಂದ್ರೂ ನಾ ಏಳತಿದ್ದಿಲ್ಲ."

ನಾವು ಮೂವರೇ ಓದುಗರು ಎಂದುಕೊಂಡಿದ್ದೆ. ನಾಲ್ಕನೆಯವನು ಇಷ್ಟು ದಿನವೂ ಇಲ್ಲಿ ಕುಳಿತು ಕೇಳುತ್ತಿದ್ದ.

"ಶನಿವಾರ ಅದರ ಕೊನಿ ಹೇಳಿದ್ಲು," ಎಂದ.

"ಕೊನಿ? ಯಾರ ಹೇಳಿದ್ರು ಆಕಿಗೆ?"

"ನೀವ ಕೊಟ್ರಂತಲ್ರಿ. ಗುರುವಾರ ಓದಿ ಮುಗಸೇನಿ ಅಂದ್ಲು."

ಅವನು ನೆಲ ನೋಡುತ್ತ ಹೇಳಿದ. "ನೀಲವ್ವ ಹೊಳಿ ದಾಟತಾಳಂತ. ಮನಿ ಹಿಂದ ನಿಂತು ಕಿಟಕ್ಯಾಗಿಂದ ನೋಡತಾಳಂತ. ಒಳಗ ಆಕಿ ತಂಗಿ ರೊಟ್ಟಿ ಬಡ್ಯಾಕತ್ತಿರ್ತಾಳ. ಮಗಳು ಬಗಲಾಗ ಕುಂತು ಬಿಸಿ ರೊಟ್ಟಿ ತಿನ್ನಕೋತ ಆಕಿಗೆ ಅವ್ವಾ ಅಂತ ಕರೀತಾಳಂತ. ಗಂಡ ಏನೋ ಮಾತಾಡಿ ನಗಾಕತ್ತಿರ್ತಾನ. ನೀಲವ್ವ ಕದಾ ಬಡಿಯೂದಿಲ್ಲ. ನನ್ನ ಹೊಟ್ಟಿ ತುಂಬತು ಅಂತ ಅಂದು, ಬಂದ ಹಾದೀಲೆ ತಿರುಗಿ ಹೋಗಿಬಿಡ್ತಾಳಂತ. ಕೊನಿ ಹೆಂಗೈತ್ರಿ ಅಂತ ನನ್ನ ಕೇಳಿದ್ಲು. ಇದೆಂಥಾ ಕೊನಿ, ನನಗ ಸೇರಲಿಲ್ಲ ಅಂದೆ. ಸೇರಸ್ಕೋರಿ, ಕೊನಿ ಭಾಳ ಛಲೋ ಐತಿ ಅಂದ್ಲು."

ಅವನು ಮುಖ ಒರೆಸಿಕೊಂಡ. ಒಳಗಿನಿಂದ ಮುದಕವ್ವನ ದನಿ ಕೇಳುತ್ತಿತ್ತು. ಕೂಸಿಗೆ ಹೆರವರ ಕೈ ಬ್ಯಾಡ, ಸವಿತಾನ್ನ ಇದ ಮನಿಗೆ ಕೊಟ್ಟಬಿಡೂಣು ಎಂದು ಯಾರಿಗೋ ಹೇಳುತ್ತಿದ್ದಳು.

"ಕೇಳಿದ್ರೇನ್ರಿ? ಇನ್ನ ಮೂರ ದಿನಾ ಆಗಿಲ್ಲ, ಮಾತ ತಗದಾರ. ನನಗ ಒಂದ ಖರೇ ಹೇಳ್ರಿ ಕಾಕಾ. ಆ ಕೊನಿ ಪುಸ್ತಕದ್ದೋ, ಆಕೀದೋ? ಪುಸ್ತಕದ್ದಾದ್ರ ಕತಿ ಅಂತ ಬಿಡ್ತೇನಿ. ಆಕೀದಾದ್ರ ಅದು ಕತಿ ಅಲ್ಲ, ನನಗ ಹೇಳಿ ಹೋದ ಮಾತು."

ಪುಸ್ತಕದ್ದೇ ಎಂದುಬಿಡಬೇಕು ಅನಿಸಿತು. ಅವನ ತಲೆಯ ಮೇಲಿನ ಭಾರವೂ ಇಳಿಯುತ್ತಿತ್ತು, ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು. ಆದರೆ ಅವಳು ಅಷ್ಟು ಕಷ್ಟಪಟ್ಟು ಕಟ್ಟಿದ ಮಾತನ್ನು ಯಾರೋ ಊರು ಪೇರು ಇಲ್ಲದವನ ಕತೆ ಮಾಡಿ ಹಾಕುವುದೇ? ಅದು ನನ್ನಿಂದ ಆಗಲಿಲ್ಲ. ಚೀಲದಿಂದ ಹತ್ತನೆಯ ಕಟ್ಟು ತೆಗೆದು ಕೊನೆಯ ಎರಡು ಪುಟ ಜೋರಾಗಿ ಓದಿದೆ. ಯಾರಿಗೂ ಕೊನೆ ಹೇಳದವನು, ಕೇಳಬೇಕಾದವಳು ಹೋದ ಮೇಲೆ ಓದಿದೆ.

ಪುಸ್ತಕದಲ್ಲಿ ನೀಲವ್ವ ಕದ ಬಡಿಯುತ್ತಾಳೆ. ಹದಿಮೂರು ವರ್ಷದ ಹುಡುಗಿ ಬಾಗಿಲು ತೆಗೆದು ಯಾರು ಬೇಕಾಗಿತ್ತು ಎಂದು ಕೇಳುತ್ತಾಳೆ. ಒಳಗಿನಿಂದ ಗಂಡ ಬಂದು ನೋಡುತ್ತಾನೆ. ತಂಬಿಗೆ ತುಂಬಿ ತಂದು ಕಾಲಿಗೆ ನೀರು ಕೊಡುತ್ತಾನೆ, ಹನ್ನೊಂದು ವರ್ಷದ ಮೇಲೆ ಬಂದವಳಿಗಲ್ಲ, ಹೊಲಕ್ಕೆ ಹೋಗಿ ಬಂದವಳಿಗೆ ಕೊಟ್ಟ ಹಾಗೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ.

ಮೈಲಾರಲಿಂಗ ಬಗ್ಗಿ ನನ್ನ ಕೈಯಲ್ಲಿದ್ದ ಕೊನೆಯ ಪುಟ ನೋಡಿದ. "ತಂಗಿ?" ಎಂದ.

"ತಂಗಿ ಇಲ್ಲಪಾ. ನೀಲವ್ವ ಅವರಪ್ಪಗ ಒಬ್ಬಾಕಿನ ಮಗಳು."

ಇಷ್ಟು ಬಂದ ಮೇಲೆ ಉಳಿದದ್ದನ್ನು ಮುಚ್ಚಿಡಲು ನನಗೆ ಆಗಲಿಲ್ಲ. "ಆಕಿ ಇದನ್ನ ಓದಿಲ್ಲೋ ತಮ್ಮಾ. ಗುರುವಾರ ಕೇಳಿದ್ಲು, ನಾ ಕೊಡಲಿಲ್ಲ. ಇದರ ಆಸೆಗರ ಸೋಮವಾರ ಬರ್ತಾಳ ಅಂತ ಇಟ್ಟಕೊಂಡೆ. ಮ್ಯಾಲೆ ಬಾಯಿಗೆ ಬಂದಂಗ ಬೈದೆ. ನೀ ನನಗ ಏನರ ಅನ್ನು, ನಾ ಕೇಳತೇನಿ."

ಅವನು ಬೈಯಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದ. "ಏನಂತ ಕೇಳಿದ್ಲರಿ?"

"ಮೊದಲ ಪುಸ್ತಕ ಕೇಳಿದ್ಲು. ಆಮ್ಯಾಲೆ ಬಾಗಲದಾಗ ನಿಂತು, ನೀಲವ್ವ ಮನಿಗೆ ಬರ್ತಾಳೇನ್ರಿ ಅಂತ ಕೇಳಿದ್ಲು."

"ಬರ್ತಾಳೇನು ಅಂತ? ಹಂಗ ಅಂದ್ಲಾ?"

"ಹಂಗ ಅಂದ್ಲು."

ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ನನಗ ಒಂದ ದಿನಾನೂ ಕೇಳಲಿಲ್ರಿ. ನಾ ಬದುಕತೇನೇನ್ರಿ ಅಂತ ನಾಕ ವರ್ಷದಾಗ ಒಮ್ಮೆನೂ ಕೇಳಲಿಲ್ಲ. ದವಾಖಾನಿ ಸಾಕು, ನನ್ನ ಬಿಡ್ರಿ, ನೀವ ಛಲೋ ಇರ್ರಿ, ಬರೇ ಇದ. ಆಕಿಗೆ ಬ್ಯಾಸರಾಗೈತಿ, ಬದುಕೂದು ಬ್ಯಾಡಾಗೈತಿ ಅಂತನ ನಾ ತಿಳಕೊಂಡಿದ್ದೆ. ಮೊನ್ನೆ ಮಣ್ಣ ಕೊಡೂ ಮುಂದನೂ, ಬಿಡು, ಆಕಿಗೆ ಬೇಕಾದಂಗ ಆತು ಅಂತ ಗಟ್ಟಿಯಾಗಿ ನಿಂತಿದ್ದೆ." ನನ್ನ ಕೈಯಲ್ಲಿದ್ದ ಕಟ್ಟಿನ ಮೇಲೆ ಕೈ ಇಟ್ಟ. "ಆಕಿಗೆ ಮನಿಗೆ ಬರೂದಿತ್ತರಿ ಕಾಕಾ. ಆಕಿಗೆ ಬದುಕೂದಿತ್ತು."

ಅವನು ಟಾಯರಿನ ಮೇಲೆ ಮುದ್ದೆಯಾಗಿ ಕುಳಿತು ಸಣ್ಣ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತ. ಸೋಮವಾರ ಬಾರದ ಅಳು ನನಗೂ ಅಲ್ಲಿ ಬಂತು. ಅವನ ಹೆಗಲ ಮೇಲೆ ಕೈ ಇಡಲು ಹೋದೆ, ಇಡುವ ಯೋಗ್ಯತೆ ನನಗಿರಲಿಲ್ಲ. ಬರ್ತಾಳವಾ, ಬಂದ ಬರ್ತಾಳ, ಗಂಡ ಕಾಲಿಗೆ ನೀರ ಕೊಡ್ತಾನ, ಇಷ್ಟೇ ಹೇಳಬೇಕಾಗಿತ್ತು. ಅವಳು ಚೌಕಟ್ಟು ಹಿಡಿದು ನಿಂತಿದ್ದಳು. ಆ ಮಾತು ನನ್ನ ಬಾಯಲ್ಲೇ ಇತ್ತು, ನಾನು ಹೇಳಲಿಲ್ಲ.